ಹಾಲು ಹಲ್ಲು ಬೀಳುವ ಹಲ್ಲು ನಿಜ, ಬಿಡುವ ಹಲ್ಲಲ್ಲ

ಮಕ್ಕಳೇ,

ನಿಮ್ಮ ಮೊದಲ ಹಾಲು ಹಲ್ಲು ಬಿದ್ದ ದಿನ ನೆನಪಿದೆಯೇ? ನಮ್ಮ ಕುಕನೂರಿನ ಕಡೆ ಎಷ್ಟೋ ಮನೆಗಳಲ್ಲಿ ಬಿದ್ದ ಹಲ್ಲನ್ನು ಸಗಣಿಯ ಉಂಡೆಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆಯುತ್ತಾರೆ. ಹೊಸ ಹಲ್ಲು ಬೇಗ ಬರಲಿ, ಗಟ್ಟಿಯಾಗಿರಲಿ ಎಂಬುದು ಹಿರಿಯರ ಆಸೆ. ಬಿದ್ದ ಹಲ್ಲಿಗೆ ಇಷ್ಟು ಮರ್ಯಾದೆ ಕೊಡುವ ನಾವು, ಇನ್ನೂ ಬಾಯಲ್ಲೇ ಇರುವ ಹಾಲು ಹಲ್ಲಿಗೆ ಎಷ್ಟು ಮರ್ಯಾದೆ ಕೊಡುತ್ತೇವೆ?

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಎರಡು ವರ್ಷದ ಕೂಸು ಇರಬಹುದು. ಅದರ ಮೇಲಿನ ಬಾಚಿ ಹಲ್ಲುಗಳು ಕಂದು ಬಣ್ಣಕ್ಕೆ ತಿರುಗಿ ಮೊಟಕಾಗಿರುವುದನ್ನು ನೀವು ಕಂಡಿರಬಹುದು. ಆ ಕೂಸು ರೊಟ್ಟಿ ಕಡಿಯಲಾರದು. ರಾತ್ರಿ ಎದ್ದು ಅಳುತ್ತದೆ. ಎಲ್ಲಿ ನೋವು ಎಂದು ಹೇಳಲು ಅದಕ್ಕೆ ಇನ್ನೂ ಮಾತು ಬಾರದು. ದೊಡ್ಡವರನ್ನು ಕೇಳಿದರೆ ಸಿಗುವ ಉತ್ತರ ಒಂದೇ: "ಹಾಲು ಹಲ್ಲು ಹೆಂಗೂ ಬೀಳ್ತಾವ, ಬಿಡು."

ಈ ಮಾತು ತಪ್ಪು ಎಂಬುದು ನನ್ನ ಅಭಿಪ್ರಾಯ. ಏಕೆ ತಪ್ಪು ಎಂಬುದನ್ನು ನೀವೇ ಲೆಕ್ಕ ಹಾಕಿ, ಪ್ರಯೋಗ ಮಾಡಿ ತಿಳಿದುಕೊಳ್ಳಬಹುದು.

ಮೊದಲು ಒಂದು ಲೆಕ್ಕ

ಹಾಲು ಹಲ್ಲುಗಳು ಒಟ್ಟು 20. ಮೊದಲನೆಯದು ಸುಮಾರು 6 ತಿಂಗಳಿಗೆ ಕಾಣಿಸಿಕೊಳ್ಳುತ್ತದೆ. ಎರಡೂವರೆ ವರ್ಷದ ಹೊತ್ತಿಗೆ ಇಪ್ಪತ್ತೂ ಬಂದಿರುತ್ತವೆ. ಮುಂದಿನ ಹಲ್ಲುಗಳು 6-7ನೇ ವರ್ಷಕ್ಕೆ ಬೀಳತೊಡಗುತ್ತವೆ. ಆದರೆ ಹಿಂದಿನ ದವಡೆ ಹಲ್ಲುಗಳು ಬೀಳುವುದು 10ರಿಂದ 12ನೇ ವರ್ಷದಲ್ಲಿ. ನೀವು ಐದನೆಯ ಅಥವಾ ಆರನೆಯ ತರಗತಿಯಲ್ಲಿದ್ದರೆ ಕನ್ನಡಿಯ ಮುಂದೆ ಬಾಯಿ ತೆರೆದು ನೋಡಿ. ನಿಮ್ಮ ಬಾಯಲ್ಲೂ ಒಂದೆರಡು ಹಾಲು ಹಲ್ಲುಗಳು ಇನ್ನೂ ಇರಬಹುದು!

ಎರಡೂವರೆ ವರ್ಷಕ್ಕೆ ಬಂದ ದವಡೆ ಹಲ್ಲು ಹನ್ನೊಂದಕ್ಕೆ ಬೀಳುತ್ತದೆ ಎಂದರೆ ಅದು ಎಂಟೂವರೆ ವರ್ಷ ದುಡಿಯಬೇಕು. ಮಗು ರೊಟ್ಟಿ ಅಗಿಯುವುದು, ಅನ್ನ ನುರಿಸುವುದು ಎಲ್ಲವೂ ಅದರಿಂದಲೇ. ಬೀಳುವ ಹಲ್ಲು ಎಂದು ಬಿಟ್ಟುಬಿಟ್ಟರೆ ಆ ಕೂಸು ಎಂಟು ವರ್ಷ ಯಾವುದರಿಂದ ಅಗಿಯಬೇಕು?

ಇಷ್ಟೇ ಅಲ್ಲ. ಪ್ರತಿ ಹಾಲು ಹಲ್ಲಿನ ಬೇರಿನ ಬಳಿ ಒಸಡಿನೊಳಗೆ ಒಂದು ಶಾಶ್ವತ ಹಲ್ಲು ಬೆಳೆಯುತ್ತಿರುತ್ತದೆ. ಹಾಲು ಹಲ್ಲು ಅದಕ್ಕೆ ಜಾಗ ಹಿಡಿದಿಟ್ಟಿರುತ್ತದೆ, ಬಸ್ಸಿನಲ್ಲಿ ಸೀಟಿಗೆ ಟವೆಲ್ ಹಾಕಿದಂತೆ. ಹಾಲು ಹಲ್ಲು ಕೊಳೆತು ಬೇಗ ಹೋದರೆ ಅಕ್ಕಪಕ್ಕದ ಹಲ್ಲುಗಳು ಆ ಜಾಗಕ್ಕೆ ವಾಲುತ್ತವೆ. ಮುಂದೆ ಬರುವ ಹಲ್ಲು ಸೊಟ್ಟಗೆ ಬರುತ್ತದೆ. ಕೊಳೆತ ಹಲ್ಲಿನ ಬೇರಿನಲ್ಲಿ ಕೀವು ತುಂಬಿದರೆ ಒಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೂ ಪೆಟ್ಟಾಗಬಹುದು.

ಇನ್ನೊಂದು ಸಂಗತಿ. ಸುಮಾರು 6ನೇ ವರ್ಷಕ್ಕೆ ಎಲ್ಲ ಹಾಲು ಹಲ್ಲುಗಳ ಹಿಂದೆ ಹೊಸದಾಗಿ ಒಂದೊಂದು ದವಡೆ ಹಲ್ಲು ಬರುತ್ತದೆ. ಅದು ಬರುವಾಗ ಯಾವ ಹಲ್ಲೂ ಬೀಳುವುದಿಲ್ಲ. ಆದ್ದರಿಂದ ಅದನ್ನೂ ಹಾಲು ಹಲ್ಲೆಂದೇ ಅನೇಕರು ತಿಳಿಯುತ್ತಾರೆ. ಅದು ಶಾಶ್ವತ ಹಲ್ಲು. ಹುಳುಕಾಗಿ ಹೋದರೆ ಮತ್ತೆ ಬಾರದು.

ಹಲ್ಲಿನಲ್ಲಿ ಹುಳ ಇದೆಯೇ?

'ಹುಳುಕು ಹಲ್ಲು' ಎಂಬ ಹೆಸರಿನಲ್ಲೇ ಹುಳ ಇದೆ. ಹಲ್ಲಿನ ಹುಳ ತೆಗೆಯುತ್ತೇವೆಂದು ಬೀಜದ ಹೊಗೆ ಹಾಕುವವರೂ ಇದ್ದಾರೆ. ಜಗತ್ತಿನ ಅನೇಕ ದೇಶಗಳಲ್ಲಿ ಜನರು ಹಿಂದೆ ಹೀಗೆಯೇ ನಂಬಿದ್ದರು. ಫ್ರಾನ್ಸಿನ ದಂತವೈದ್ಯ ಪಿಯರ್ ಫೋಶಾರ್ 1728ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಈ ಹುಳದ ಮಾತನ್ನು ಒಪ್ಪಲಿಲ್ಲ. ಅದಕ್ಕೂ ಮೊದಲೇ, 1683ರಲ್ಲಿ, ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತನ್ನ ಹಲ್ಲಿನ ಮೇಲಿನ ಬಿಳಿ ಲೋಳೆಯನ್ನು ಕೆರೆದು ತಾನೇ ಮಾಡಿದ ಸೂಕ್ಷ್ಮದರ್ಶಕದಲ್ಲಿ ನೋಡಿದ್ದನು. ಅಲ್ಲಿ ಕಂಡದ್ದು ಬರಿಗಣ್ಣಿಗೆ ಕಾಣದ, ಓಡಾಡುವ ಅತಿ ಚಿಕ್ಕ ಜೀವಿಗಳು. ಅವೇ ಬ್ಯಾಕ್ಟೀರಿಯಾಗಳು.

ಈ ಬ್ಯಾಕ್ಟೀರಿಯಾಗಳು ಹಲ್ಲನ್ನು ಹೇಗೆ ಹಾಳು ಮಾಡುತ್ತವೆ? ಬರ್ಲಿನ್ನಿನಲ್ಲಿದ್ದ ಅಮೆರಿಕದ ದಂತವೈದ್ಯ ಮಿಲ್ಲರ್ ಇದನ್ನು ಪರೀಕ್ಷಿಸಿದನು. ಕಿತ್ತ ಹಲ್ಲುಗಳನ್ನು ಜೊಲ್ಲಿನಲ್ಲಿ ಹಾಕಿ, ಅದಕ್ಕೆ ಬ್ರೆಡ್ಡು, ಸಕ್ಕರೆ ಸೇರಿಸಿ ಇಟ್ಟನು. ಹಲ್ಲು ಮೆತ್ತಗಾಯಿತು. ಮಾಂಸ ಸೇರಿಸಿ ಇಟ್ಟಾಗ ಹಾಗಾಗಲಿಲ್ಲ. ಬ್ಯಾಕ್ಟೀರಿಯಾಗಳು ಸಕ್ಕರೆ, ಹಿಟ್ಟಿನ ಪದಾರ್ಥಗಳನ್ನು ತಿಂದು ಆಮ್ಲ ಉಂಟುಮಾಡುತ್ತವೆ. ಆ ಆಮ್ಲ ಹಲ್ಲನ್ನು ಕರಗಿಸುತ್ತದೆ ಎಂದು 1890ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಅವನು ವಿವರಿಸಿದನು. ಹಲ್ಲಿನೊಳಗೆ ಹುಳ ಇಲ್ಲ ಮಕ್ಕಳೇ, ಹಲ್ಲಿನ ಮೇಲೆ ಆಮ್ಲ ಇದೆ.

ನಮ್ಮ ದೇಹದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ವಸ್ತು ಹಲ್ಲಿನ ಹೊರಕವಚವಾದ ಎನಾಮಲ್. ಭೂಮಿಯಲ್ಲಿ ಹೂತುಹೋದ ಹಲ್ಲು ಸಾವಿರಾರು ವರ್ಷ ಉಳಿಯಬಲ್ಲದು. ಅದೇ ಹಲ್ಲು ಕೂಸಿನ ಬಾಯಲ್ಲಿ ಎರಡೇ ವರ್ಷದಲ್ಲಿ ಹಾಳಾಗುತ್ತದೆ. ಕಾರಣ ಈ ಆಮ್ಲ. ಹಾಲು ಹಲ್ಲಿನ ಎನಾಮಲ್ ಶಾಶ್ವತ ಹಲ್ಲಿನದಕ್ಕಿಂತ ಸುಮಾರು ಅರ್ಧದಷ್ಟೇ ದಪ್ಪ. ಆದ್ದರಿಂದ ಆಮ್ಲವು ಒಳಗಿನ ನರದವರೆಗೆ ಬೇಗ ತಲುಪುತ್ತದೆ.

ನೀವೇ ಮಾಡಿ ನೋಡಿ

ಶಾಲೆಯಲ್ಲಿ ಮೊಟ್ಟೆ ಕೊಟ್ಟ ದಿನ ಅದರ ಸಿಪ್ಪೆಯ ಎರಡು ಚೂರುಗಳನ್ನು ತೆಗೆದುಕೊಳ್ಳಿ. ಒಂದನ್ನು ನೀರಿರುವ ಲೋಟದಲ್ಲಿ, ಇನ್ನೊಂದನ್ನು ನಿಂಬೆ ರಸವಿರುವ ಲೋಟದಲ್ಲಿ ಹಾಕಿ. ನಿಂಬೆ ರಸದಲ್ಲಿ ಗುಳ್ಳೆಗಳು ಏಳುತ್ತವೆ. ಮರುದಿನ ಎರಡನ್ನೂ ಬೆರಳಿನಿಂದ ಒತ್ತಿ ನೋಡಿ. ನೀರಿನಲ್ಲಿದ್ದುದು ಹಾಗೆಯೇ ಇರುತ್ತದೆ. ನಿಂಬೆ ರಸದಲ್ಲಿದ್ದುದು ಮೆತ್ತಗಾಗಿರುತ್ತದೆ. ಮೊಟ್ಟೆಯ ಸಿಪ್ಪೆ ಕ್ಯಾಲ್ಸಿಯಂ ಕಾರ್ಬೊನೇಟ್, ಹಲ್ಲು ಕ್ಯಾಲ್ಸಿಯಂ ಫಾಸ್ಫೇಟ್. ವಸ್ತು ಬೇರೆಯಾದರೂ ಎರಡೂ ಆಮ್ಲದಲ್ಲಿ ಕರಗುತ್ತವೆ. ಹಲ್ಲು ಕರಗುವುದು ನಿಧಾನವಾಗಿ, ಅಷ್ಟೆ.

ಎಷ್ಟು ಎಂಬುದಕ್ಕಿಂತ ಎಷ್ಟು ಸಲ

ಸಿಹಿ ತಿಂದ ಮೇಲೆ ಸುಮಾರು ಅರ್ಧ ಗಂಟೆ ಬಾಯಲ್ಲಿ ಆಮ್ಲದ ಕಾಟ ಇರುತ್ತದೆ. ಆಮೇಲೆ ಜೊಲ್ಲು ಆಮ್ಲವನ್ನು ತೊಳೆದು, ಹಲ್ಲು ಕಳೆದುಕೊಂಡ ಖನಿಜವನ್ನು ಸ್ವಲ್ಪ ಸ್ವಲ್ಪ ಮರಳಿ ತುಂಬುತ್ತದೆ. ಈಗ ಲೆಕ್ಕ ಮಾಡಿ. ಕೂಸಿಗೆ ಆರು ಬಿಸ್ಕತ್ತನ್ನು ಊಟದ ಜೊತೆ ಒಮ್ಮೆಗೇ ಕೊಟ್ಟರೆ ಆಮ್ಲದ ಹೊತ್ತು ಅರ್ಧ ಗಂಟೆ. ಅವೇ ಆರು ಬಿಸ್ಕತ್ತನ್ನು ಆರು ಸಲ ಚಹಾದಲ್ಲಿ ಅದ್ದಿ ಕೊಟ್ಟರೆ? ಮೂರು ಗಂಟೆ! ಜೊಲ್ಲಿಗೆ ರಿಪೇರಿ ಮಾಡಲು ಬಿಡುವೇ ಸಿಗುವುದಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ರಾತ್ರಿಯ ಬಾಟಲಿ. ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆ ಸುರಿಯುತ್ತದೆ. ಸಕ್ಕರೆ ಹಾಕಿದ ಹಾಲು ಬಾಟಲಿಯಿಂದ ತೊಟ್ಟಿಕ್ಕುತ್ತಾ ಮೇಲಿನ ಬಾಚಿ ಹಲ್ಲುಗಳ ಸುತ್ತ ನಿಲ್ಲುತ್ತದೆ. ಕೆಳಗಿನ ಬಾಚಿ ಹಲ್ಲುಗಳನ್ನು ನಾಲಿಗೆ ಮುಚ್ಚಿಕೊಂಡಿರುತ್ತದೆ. ಆದ್ದರಿಂದಲೇ ಚಿಕ್ಕ ಮಕ್ಕಳಲ್ಲಿ ಮೇಲಿನ ಮುಂದಿನ ಹಲ್ಲು ಮೊದಲು ಹಾಳಾಗುತ್ತದೆ, ಕೆಳಗಿನದು ಚೆನ್ನಾಗಿರುತ್ತದೆ. ತಾಯಿಯ ಹಾಲಿನ ವಿಷಯ ಬೇರೆ. ಅದು ಕೂಸಿಗೆ ಅತ್ಯುತ್ತಮ ಆಹಾರ. ಅದನ್ನು ಬಿಡಿಸಬೇಕೆಂದು ನಾನು ಹೇಳುತ್ತಿಲ್ಲ. ನಾನು ಹೇಳುವುದು ಸಕ್ಕರೆ ಹಾಲಿನ ಬಾಟಲಿಯ ಬಗ್ಗೆ, ಅಳು ನಿಲ್ಲಿಸಲು ಬಾಯಿಗಿಡುವ ಬೆಲ್ಲದ ಚೂರಿನ ಬಗ್ಗೆ. ಬೆಲ್ಲ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಬ್ಯಾಕ್ಟೀರಿಯಾಗಳಿಗೆ ಬೆಲ್ಲ, ಸಕ್ಕರೆ ಎಂಬ ಭೇದವಿಲ್ಲ.

ಈ ಮಾತನ್ನು ನಾನು ನಿಮಗೆ ಏಕೆ ಹೇಳುತ್ತಿದ್ದೇನೆ ಗೊತ್ತೇ? ಅವ್ವ ಅಪ್ಪ ಹೊಲಕ್ಕೆ ಹೋದಾಗ ಕೂಸನ್ನು ಎತ್ತಿಕೊಳ್ಳುವವರು ನೀವು. ಕೆಲವರ ತಂದೆ ತಾಯಿ ಗುಳೆ ಹೋದಾಗ ಮನೆಯಲ್ಲಿ ಉಳಿಯುವವರು ಅಜ್ಜಿ ಮತ್ತು ನೀವು. ಕೂಸು ಅತ್ತಾಗ ಅಂಗಡಿಗೆ ಓಡಿ ಬಿಸ್ಕತ್ತು, ಪೆಪ್ಪರ್‌ಮಿಂಟು ತಂದುಕೊಡುವವರೂ ನೀವೇ. ಇದು ನಿಮ್ಮ ತಪ್ಪಲ್ಲ. ಪ್ರೀತಿಯಿಂದಲೇ ಕೊಡುತ್ತೀರಿ. ಅದೇ ಪ್ರೀತಿಯಿಂದ ಬಾಳೆಹಣ್ಣು, ಹುರಿದ ಶೇಂಗಾದ ಮೆತ್ತನೆಯ ಪುಡಿ ಕಲಸಿದ ಅನ್ನ, ರೊಟ್ಟಿಯ ಮೆತ್ತನೆಯ ಚೂರು, ಕುಡಿಯಲು ನೀರು ಕೊಡಬಹುದಲ್ಲವೇ? ಇಡೀ ಶೇಂಗಾ ಮಾತ್ರ ಕೊಡಬೇಡಿ, ಗಂಟಲಿಗೆ ಸಿಕ್ಕೀತು.

ಕಲೆ ಬೇರೆ, ಹುಳುಕು ಬೇರೆ

ಇನ್ನು ನಮ್ಮ ಭಾಗಕ್ಕೇ ಸಂಬಂಧಿಸಿದ ಒಂದು ವಿಚಾರ. ಕುಕನೂರು ಈಗ ತಾಲ್ಲೂಕು. ಮೊದಲು ಯಲಬುರ್ಗಾ ತಾಲ್ಲೂಕಿನಲ್ಲಿತ್ತು. ಯಲಬುರ್ಗಾ, ಕುಷ್ಟಗಿ ಕಡೆಯ ಅನೇಕ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಇಲ್ಲಿನ ಗ್ರಾನೈಟ್ ಜಾತಿಯ ಬಂಡೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಆಳದಲ್ಲಿ ಬಹುಕಾಲ ನಿಂತ ನೀರು ಅದನ್ನು ಕರಗಿಸಿಕೊಳ್ಳುತ್ತದೆ. ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರು ಇಲ್ಲವೇ ಇಲ್ಲ ಎಂದಾಗ 1.5 ಮಿಲಿಗ್ರಾಂವರೆಗೆ ಆಗಬಹುದು. ಚಿಕ್ಕಂದಿನಲ್ಲಿ ಅದಕ್ಕಿಂತ ಹೆಚ್ಚು ಫ್ಲೋರೈಡ್ ಇರುವ ನೀರು ಕುಡಿದರೆ, ಒಸಡಿನೊಳಗೆ ತಯಾರಾಗುತ್ತಿರುವ ಶಾಶ್ವತ ಹಲ್ಲುಗಳ ಮೇಲೆ ಬಿಳಿ ಗೆರೆ, ಕಂದು ಕಲೆ ಮೂಡುತ್ತವೆ. ಇದಕ್ಕೆ ದಂತ ಫ್ಲೋರೋಸಿಸ್ ಎನ್ನುತ್ತಾರೆ. ಭಾರತದಲ್ಲಿ ಫ್ಲೋರೋಸಿಸ್ ಇದೆ ಎಂಬುದು ಮೊದಲು ವರದಿಯಾದದ್ದು 1937ರಲ್ಲಿ, ನೆರೆಯ ಆಂಧ್ರದ ನೆಲ್ಲೂರು ಜಿಲ್ಲೆಯಿಂದ.

ಇದರಿಂದ ನಮ್ಮಲ್ಲಿ ಒಂದು ಗೊಂದಲ ಉಂಟಾಗುತ್ತದೆ. ಕೂಸಿನ ಹಲ್ಲು ಕಂದಾದರೆ "ನಮ್ಮೂರ ನೀರೇ ಹಂಗೈತಿ" ಎಂದು ಸುಮ್ಮನಾಗುತ್ತಾರೆ. ಆದರೆ ಫ್ಲೋರೈಡಿನ ಕಲೆ ಹಾಲು ಹಲ್ಲುಗಳಲ್ಲಿ ಕಡಿಮೆ. ಅದು ಎಡಕ್ಕೂ ಬಲಕ್ಕೂ ಒಂದೇ ತೆರನಾಗಿರುತ್ತದೆ. ಹಲ್ಲು ಬರುವಾಗಲೇ ಇರುತ್ತದೆ. ಸಾಮಾನ್ಯವಾಗಿ ನೋವಿಲ್ಲ. ಹುಳುಕು ಹಾಗಲ್ಲ. ಚೆನ್ನಾಗಿ ಬಂದ ಹಲ್ಲಿನಲ್ಲಿ, ಒಸಡಿನ ಅಂಚಿನಲ್ಲಿ, ಸುಣ್ಣದ ಗೆರೆಯಂತೆ ಶುರುವಾಗುತ್ತದೆ. ಆಮೇಲೆ ಹಳದಿ, ಕಂದು, ಕೊನೆಗೆ ಕುಳಿ. ನೀರಿನ ಮೇಲೆ ದೂರು ಹಾಕಿ ಹುಳುಕನ್ನು ಬೆಳೆಯಲು ಬಿಡಬಾರದು.

ಮತ್ತೊಂದು ಪ್ರಶ್ನೆ. ಫ್ಲೋರೈಡ್ ಇರುವ ಟೂತ್‌ಪೇಸ್ಟು ಎನಾಮಲ್ಲನ್ನು ಗಟ್ಟಿ ಮಾಡಿ ಹುಳುಕನ್ನು ತಡೆಯುತ್ತದೆ. ಆದರೆ ನಮ್ಮ ನೀರಿನಲ್ಲೇ ಫ್ಲೋರೈಡ್ ಇರುವಾಗ ಪೇಸ್ಟಿನಲ್ಲೂ ಬೇಕೇ? ಒಳ್ಳೆಯ ಪ್ರಶ್ನೆ. ಲೆಕ್ಕ ಮಾಡೋಣ. ನಮ್ಮ ದೇಶದ ನಿಯಮದಂತೆ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಮೀರುವಂತಿಲ್ಲ. ಎಂದರೆ 1 ಗ್ರಾಂ ಪೇಸ್ಟಿಗೆ 1 ಮಿಲಿಗ್ರಾಂ. ಮೂರು ವರ್ಷದೊಳಗಿನ ಕೂಸಿಗೆ ಅಕ್ಕಿ ಕಾಳಿನಷ್ಟು ಪೇಸ್ಟು ಸಾಕು. ಅದು ಸುಮಾರು 0.1 ಗ್ರಾಂ. ಅದರಲ್ಲಿ ಫ್ಲೋರೈಡ್ 0.1 ಮಿಲಿಗ್ರಾಂ. ಇನ್ನು ಲೀಟರಿಗೆ 3 ಮಿಲಿಗ್ರಾಂ ಇರುವ ನೀರನ್ನು 200 ಮಿಲಿಲೀಟರಿನ ಒಂದು ಲೋಟ ಕುಡಿದರೆ 0.6 ಮಿಲಿಗ್ರಾಂ. ಒಂದು ಲೋಟ ನೀರು ಆರು ಸಲದ ಪೇಸ್ಟಿಗೆ ಸಮ! ಅದೂ ಕೂಸು ಪೇಸ್ಟನ್ನೆಲ್ಲ ನುಂಗಿದರೆ ಮಾತ್ರ.

ಆದ್ದರಿಂದ ಮೊದಲು ಸರಿಪಡಿಸಬೇಕಾದದ್ದು ನೀರನ್ನು. ಕೂಸಿನ ಕುಡಿಯುವ ನೀರನ್ನು ಶುದ್ಧ ಕುಡಿಯುವ ನೀರಿನ ಘಟಕದಿಂದ ತನ್ನಿ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಆದರೆ ಫ್ಲೋರೈಡ್ ಹೋಗುವುದಿಲ್ಲ. ಫ್ಲೋರೈಡ್ ಹೆಚ್ಚಿರುವ ನೀರನ್ನೇ ಕುಡಿಯುವ ಊರಿನವರು ಕೂಸಿಗೆ ಯಾವ ಪೇಸ್ಟು ಎಂಬುದನ್ನು ದಂತವೈದ್ಯರನ್ನು ಕೇಳಿ ತೀರ್ಮಾನಿಸಬೇಕು. ಹೇಗಿದ್ದರೂ ಬ್ರಷ್ಷಿನಿಂದ ಉಜ್ಜುವುದನ್ನು ಮಾತ್ರ ನಿಲ್ಲಿಸಬಾರದು.

ತುಟಿ ಎತ್ತಿ ನೋಡಿ

ತಿಂಗಳಿಗೊಮ್ಮೆ ಅವ್ವನ ಜೊತೆ ಕುಳಿತು ಕೂಸಿನ ಮೇಲಿನ ತುಟಿಯನ್ನು ಮೆಲ್ಲಗೆ ಎತ್ತಿ ಬೆಳಕಿನಲ್ಲಿ ನೋಡಿ. ಅದಕ್ಕೂ ಮೊದಲು ಕೈ ತೊಳೆದುಕೊಳ್ಳಿ. ಒಸಡಿನ ಅಂಚಿನಲ್ಲಿ ಬಿಳಿ ಗೆರೆ ಕಂಡರೆ ಅದು ಮೊದಲ ಎಚ್ಚರಿಕೆ. ಆ ಹಂತದಲ್ಲಿ ಸಿಹಿ ಕಡಿಮೆ ಮಾಡಿ, ಚೆನ್ನಾಗಿ ಉಜ್ಜಿ, ವೈದ್ಯರಿಂದ ಫ್ಲೋರೈಡ್ ಲೇಪ ಹಾಕಿಸಿದರೆ ಹುಳುಕು ಅಲ್ಲಿಗೇ ನಿಲ್ಲಬಹುದು.

ಕಂದು ಕುಳಿ ಕಂಡರೂ ಹೆದರಬೇಕಿಲ್ಲ. ಎಲ್ಲ ಹಲ್ಲನ್ನೂ ಕೊರೆಯುವುದಿಲ್ಲ, ಕೀಳುವುದೂ ಇಲ್ಲ. ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವನ್ನು ಹಚ್ಚಿ ಹುಳುಕನ್ನು ನಿಲ್ಲಿಸಬಹುದು. ಸೂಜಿ ಬೇಡ, ಯಂತ್ರ ಬೇಡ. ಹಚ್ಚಿದ ಜಾಗ ಕಪ್ಪಾಗುತ್ತದೆ, ಅದೊಂದೇ ಕೊರತೆ. ಕುಳಿಯನ್ನು ಗ್ಲಾಸ್ ಅಯೊನೊಮರ್ ಎಂಬ ಸಿಮೆಂಟಿನಿಂದ ತುಂಬಲೂಬಹುದು. ಇವೆರಡನ್ನೂ ಫ್ಲೋರೈಡ್ ಪೇಸ್ಟನ್ನೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಒಸಡಿನ ಮೇಲೆ ಗುಳ್ಳೆ ಎದ್ದಿದ್ದರೆ ತಡ ಮಾಡಬಾರದು. ಕೆನ್ನೆ ಊದಿ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕೂಸಿನ ಹಲ್ಲಿಗೆ ತಂಬಾಕು, ನಶ್ಯ, ಸೀಮೆಎಣ್ಣೆ ಇಂಥವನ್ನು ಎಂದೂ ಇಡಬಾರದು.

ದೊಡ್ಡವರಿಗೆ ಒಂದು ಮಾತು

"ಹೊಟ್ಟೆಪಾಡಿನ ನಡುವೆ ಹಲ್ಲು ನೋಡಲು ಹೊತ್ತೆಲ್ಲಿ?" ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಮಾತೇ. ದಂತವೈದ್ಯರ ಬಳಿಗೆ ಹೋಗಲು ಒಂದು ದಿನದ ಕೂಲಿ ಬಿಡಬೇಕು. ಹಾಗಾಗಿ ಇದನ್ನು ಒಂದೊಂದು ಮನೆಯ ತಲೆಗೇ ಕಟ್ಟಬಾರದು. ಸ್ಕಾಟ್ಲೆಂಡ್ ಎಂಬ ದೇಶದಲ್ಲಿ ಶಿಶುವಿಹಾರಗಳಲ್ಲೇ ಪ್ರತಿದಿನ ಶಿಕ್ಷಕರ ಎದುರು ಮಕ್ಕಳೆಲ್ಲ ಹಲ್ಲುಜ್ಜುವ ಏರ್ಪಾಡು ಮಾಡಿದರು. 2003ರಲ್ಲಿ ಅಲ್ಲಿ ಶಾಲೆಗೆ ಸೇರುವ 100 ಮಕ್ಕಳಲ್ಲಿ 45 ಮಕ್ಕಳಿಗೆ ಮಾತ್ರ ಕಣ್ಣಿಗೆ ಕಾಣುವ ಹುಳುಕು ಇರಲಿಲ್ಲ. 2018ರಲ್ಲಿ ಅಂಥವರು 71 ಆದರು. ನಮ್ಮ ಪ್ರತಿ ಊರಿನಲ್ಲೂ ಅಂಗನವಾಡಿ ಇದೆ. ಅಲ್ಲಿ ಊಟವಿದೆ, ಪಾಠವಿದೆ. ಊಟದ ನಂತರ ಐದು ನಿಮಿಷ ಹಲ್ಲುಜ್ಜುವುದೂ ಯಾಕಿರಬಾರದು? ಮಗುವಿಗೊಂದು ಬ್ರಷ್ಷು, ಅದರ ಮೇಲೆ ಹೆಸರು, ಇಷ್ಟಾದರೆ ಸಾಕು. ಸರ್ಕಾರ ಈ ಕೆಲಸ ಮಾಡಬೇಕೆಂಬುದು ನನ್ನ ಅಭಿಪ್ರಾಯ.

ಅಲ್ಲಿಯವರೆಗೆ ಇರುವ ಸೌಲಭ್ಯವನ್ನು ಬಿಡಬಾರದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬರಬೇಕು. ಅವರು ನೋಡಬೇಕಾದ ಪಟ್ಟಿಯಲ್ಲಿ ಹಲ್ಲಿನ ತೊಂದರೆಯೂ ಇದೆ. ತಂಡ ಯಾವಾಗ ಬರುತ್ತದೆ ಎಂದು ಅಂಗನವಾಡಿ ಟೀಚರನ್ನೋ ಆಶಾ ಅಕ್ಕನನ್ನೋ ಕೇಳಿ. ಆ ದಿನ ಕೂಸನ್ನು ಕರೆದುಕೊಂಡು ಹೋಗುವಂತೆ ಅವ್ವನಿಗೆ ನೆನಪಿಸಿ. ಮುಂದಿನ ಚಿಕಿತ್ಸೆಗೆ ಎಲ್ಲಿಗೆ ಹೋಗಬೇಕೆಂದು ಆ ತಂಡವೇ ಹೇಳುತ್ತದೆ.

ಮಕ್ಕಳೇ, ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯಂತೆ ಜಗತ್ತಿನಲ್ಲಿ ಸುಮಾರು 51 ಕೋಟಿ ಮಕ್ಕಳ ಹಾಲು ಹಲ್ಲು ಹುಳುಕಾಗಿದೆ. ಅಷ್ಟೂ ಮಕ್ಕಳನ್ನು ನೀವು ನೋಡಿಕೊಳ್ಳಲಾರಿರಿ. ನಿಮ್ಮ ಮನೆಯ ಒಂದು ಕೂಸನ್ನು ನೋಡಿಕೊಳ್ಳಬಲ್ಲಿರಿ. ಇವತ್ತು ರಾತ್ರಿ ನೀವು ಹಲ್ಲುಜ್ಜುವಾಗ ಅದನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಕ್ಕ ಮಾಡಿದ್ದನ್ನು ತಂಗಿ ಮಾಡುತ್ತಾಳೆ, ಅಣ್ಣ ಮಾಡಿದ್ದನ್ನು ತಮ್ಮ ಮಾಡುತ್ತಾನೆ. ಅದು ಉಜ್ಜಿದ ಮೇಲೆ ದೊಡ್ಡವರು ಇನ್ನೊಮ್ಮೆ ಉಜ್ಜಲಿ. ಆಮೇಲೆ ನೀರು ಮಾತ್ರ, ಬೇರೇನೂ ಬೇಡ.

ಆ ಹಾಲು ಹಲ್ಲುಗಳೂ ಒಂದು ದಿನ ಬೀಳುತ್ತವೆ. ನೋವಿಲ್ಲದೆ, ತಮ್ಮ ಹೊತ್ತಿಗೆ, ಇಡಿಯಾಗಿ ಬೀಳಲಿ. ಅವನ್ನು ಮಾಳಿಗೆಯ ಮೇಲೆ ಎಸೆಯುವಾಗ ನೀವೂ ಜೊತೆಗಿರಿ.